ಟಿವಿಯಲ್ಲಿ ಜಾಹೀರಾತೂ ಬೇಡ, ಬೇಹುಗಾರಿಕೆಯೂ ಬೇಡ: ಸ್ಟಿಕ್ ಬದಲು ಏನು ಹಾಕಬಹುದು?

ಸಾದಾ_ಪರದೆ
43 ಇಂಚಿನ ಗೂಗಲ್ ಟಿವಿ. ಆನ್ ಮಾಡಿದರೆ ಮೊದಲು ಕಾಣುವುದು ಅರ್ಧ ಪರದೆ ತುಂಬ ಜಾಹೀರಾತು. ಅಮೆಜಾನಿನ ಫೈರ್ ಸ್ಟಿಕ್ (ಟಿವಿಗೆ ಸಿಕ್ಕಿಸುವ ಕಡ್ಡಿ) ಹಾಕಿದರೆ ಅದರದ್ದೂ ಅದೇ ಕಥೆ, ಜೊತೆಗೆ ಟ್ರೇಲರ್ ತಾನಾಗಿಯೇ ಓಡುತ್ತದೆ. ಬೇಕಿರುವುದು ಇಷ್ಟೇ: ಹಾರ್ಡ್ ಡಿಸ್ಕಿನಲ್ಲಿರುವ ಹಳೆಯ ಸಿನಿಮಾ ಮತ್ತು ಮನೆಯ ವಿಡಿಯೊಗಳು, ಯೂಟ್ಯೂಬ್, ಒಂದೆರಡು ಓಟಿಟಿ, ಆಮೇಲೆ ಚಂದನ. ನೋಡುವವರು ವಯಸ್ಸಾದವರು, ಕೀಬೋರ್ಡ್ ಹಿಡಿಯುವುದಿಲ್ಲ, ರಿಮೋಟ್ ಒಂದೇ ಇರಬೇಕು. ದಿನಕ್ಕೆರಡು ಸಲ ಕರೆಂಟ್ ಹೋಗುವ ಊರು. ಹದಿನೈದು ಸಾವಿರದೊಳಗೆ ಆಗುತ್ತದೆಯೇ?

ಕೋಟೆ_ಬಾಗಿಲು
ಪೆಟ್ಟಿಗೆ ಕೊಳ್ಳುವ ಮುನ್ನ ಟಿವಿಯನ್ನೇ ನೆಟ್‌ನಿಂದ ಬಿಡಿಸಿ. ಹೊರಗಿನಿಂದ ಎಷ್ಟೇ ಒಳ್ಳೆಯ ಪೆಟ್ಟಿಗೆ ತಂದು ಹಾಕಿದರೂ ಟಿವಿ ವೈಫೈನಲ್ಲಿ ಇರುವವರೆಗೆ ಪ್ರಯೋಜನವಿಲ್ಲ. ಇಂದಿನ ಬಹುಪಾಲು ಸ್ಮಾರ್ಟ್ ಟಿವಿಗಳಲ್ಲಿ ಎಸಿಆರ್ ಎಂಬ ವ್ಯವಸ್ಥೆ ಇರುತ್ತದೆ. ಪರದೆಯ ಮೇಲೆ ಓಡುತ್ತಿರುವ ಚಿತ್ರ, ಧ್ವನಿಯ ತುಣುಕುಗಳಿಂದ ಒಂದು ಗುರುತು ತಯಾರಿಸಿ ಕಂಪನಿಯ ಸರ್ವರಿಗೆ ಕಳಿಸುತ್ತದೆ, ಅಲ್ಲಿ ದೊಡ್ಡ ಪಟ್ಟಿಯ ಜೊತೆ ತಾಳೆ ನೋಡಿ ನೀವು ಏನು ನೋಡುತ್ತಿದ್ದೀರಿ ಎಂದು ಬರೆದಿಡುತ್ತಾರೆ. ಇದು ಆ್ಯಪ್‌ಗಳಿಗೆ ಮಾತ್ರ ಸೀಮಿತವಲ್ಲ, ಎಚ್‌ಡಿಎಂಐನಲ್ಲಿ ಬರುವ ಚಿತ್ರವನ್ನೂ ಗುರುತಿಸುತ್ತದೆ ಎಂದು 2024ರ ಒಂದು ಸಂಶೋಧನೆ ಸ್ಯಾಮ್‌ಸಂಗ್ ಮತ್ತು ಎಲ್‌ಜಿ ಟಿವಿಗಳ ಮೇಲೆ ಪರೀಕ್ಷಿಸಿ ತೋರಿಸಿದೆ. ಅಮೆರಿಕದಲ್ಲಿ ವಿಜಿಯೊ ಕಂಪನಿ ಇದೇ ಕಾರಣಕ್ಕೆ 2017ರಲ್ಲಿ 22 ಲಕ್ಷ ಡಾಲರ್ ತೆತ್ತಿತು.

ಎಲ್‌ಜಿಯಲ್ಲಿ ಇದರ ಹೆಸರು ‘ಲೈವ್ ಪ್ಲಸ್’, ಸ್ಯಾಮ್‌ಸಂಗ್‌ನಲ್ಲಿ ‘ವ್ಯೂಯಿಂಗ್ ಇನ್ಫರ್ಮೇಷನ್ ಸರ್ವಿಸಸ್’. ಸೋನಿಯ ಹಲವು ಮಾದರಿಗಳಲ್ಲಿ ‘ಸಾಂಬಾ’ ಎಂಬ ಹೊರಗಿನ ಕಂಪನಿಯದ್ದು. ಆಫ್ ಮಾಡಿದರೆ ಆ ಸಂಚಾರ ನಿಲ್ಲುತ್ತದೆ ಅನ್ನುವುದೂ ಅದೇ ಸಂಶೋಧನೆಯಲ್ಲಿ ಕಂಡಿದೆ. ಆದರೆ ಆಫ್ ಆಗಿಯೇ ಉಳಿದಿದೆಯೇ ಎಂದು ಪ್ರತಿ ಅಪ್‌ಡೇಟ್ ಆದಮೇಲೂ ಹೋಗಿ ನೋಡುವವರು ಯಾರು? ವೈಫೈ ಕೊಡದಿರುವುದೇ ಸುಲಭ.

ನಿಮ್ಮದು ಗೂಗಲ್ ಟಿವಿ ಆದ್ದರಿಂದ ಫ್ಯಾಕ್ಟರಿ ರೀಸೆಟ್ ಮಾಡಿ, ಮೊದಲ ಹಂತದಲ್ಲೇ ‘ಬೇಸಿಕ್ ಟಿವಿ’ ಆಯ್ಕೆ ಮಾಡಿ. ಖಾತೆ ಕೇಳುವುದಿಲ್ಲ, ನೆಟ್ ಕೇಳುವುದಿಲ್ಲ, ಎಚ್‌ಡಿಎಂಐ ಪೋರ್ಟುಗಳು ಕೆಲಸ ಮಾಡುತ್ತವೆ. ಬರೀ ವೈಫೈ ಪಾಸ್‌ವರ್ಡ್ ಅಳಿಸಿದರೆ ಸಾಲದು, ಹಳೆಯ ಜಾಹೀರಾತಿನ ಚಿತ್ರಗಳೇ ವಾರಗಟ್ಟಲೆ ಕೂತಿರುತ್ತವೆ. ಮುಂದೆ ಫರ್ಮ್‌ವೇರ್ (ಟಿವಿಯೊಳಗಿನ ತಂತ್ರಾಂಶ) ಬೇಕಾದರೆ ಕಂಪನಿಯ ಸೈಟಿನಿಂದ ಇಳಿಸಿ, ಎಫ್‌ಎಟಿ32 ವಿಧದಲ್ಲಿ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವಿನಲ್ಲಿ ಹಾಕಬಹುದು.

ಕುತೂಹಲಿ_ಕುಮಟಾ
ಟಿವಿಗೆ ವೈಫೈ ಕೊಡದಿದ್ದರೂ ಎಚ್‌ಡಿಎಂಐ ಕೇಬಲ್ ಮೂಲಕ ಪೆಟ್ಟಿಗೆಯ ನೆಟ್ ಅನ್ನೇ ಕದಿಯುತ್ತದಂತಲ್ಲ ಮಾರಾಯ್ರೆ, ಹೌದಾ?

ಕೋಟೆ_ಬಾಗಿಲು
ಎಚ್‌ಡಿಎಂಐ 1.4ರ ನಿಯಮದಲ್ಲಿ ಈಥರ್ನೆಟ್ ಚಾನೆಲ್ ಎಂಬುದು ಇದೆ ನಿಜ. ಆದರೆ ಎರಡೂ ಬದಿಯ ಸಾಧನಗಳಲ್ಲಿ ಅದಕ್ಕೆ ಬೇಕಾದ ಸರ್ಕ್ಯೂಟ್ ಇರಬೇಕು, ಮಾರುಕಟ್ಟೆಯಲ್ಲಿ ಯಾರೂ ಅದನ್ನು ಹಾಕಿಯೇ ಇಲ್ಲ ಅನ್ನಬಹುದು. ಕೇಬಲ್ ಮೇಲೆ ‘ವಿತ್ ಈಥರ್ನೆಟ್’ ಎಂದು ಬರೆದಿದ್ದರೆ ಗಾಬರಿ ಬೇಡ.

ಎರಡನೇ_ಸಾಲು
ಈಗ ಕಹಿ ಸತ್ಯ. ಹಾರ್ಡ್ ಡಿಸ್ಕ್, ಯೂಟ್ಯೂಬ್, ಚಂದನ: ಈ ಮೂರಕ್ಕೆ ಸ್ವಚ್ಛವಾದ ದಾರಿ ಇದೆ. ಓಟಿಟಿಗೆ ಇಲ್ಲ. ಕಾರಣ ಡಿಆರ್‌ಎಂ, ಅಂದರೆ ನಕಲು ಮಾಡದಂತೆ ವಿಡಿಯೊಗೆ ಹಾಕುವ ಬೀಗ. ಅಂಥದ್ದೇ ಬೀಗವಾದ ಗೂಗಲ್‌ನ ವೈಡ್‌ವೈನ್‌ನಲ್ಲಿ ಎಲ್1, ಎಲ್3 ಎಂಬ ಮಟ್ಟಗಳಿವೆ. ಎಲ್1 ಬೇಕಾದರೆ ಚಿಪ್ಪಿನೊಳಗಿನ ಭದ್ರ ಭಾಗದಲ್ಲಿ ಕಾರ್ಖಾನೆಯಲ್ಲೇ ಕೀಲಿ ಕೂರಿಸಿ ಪ್ರಮಾಣಪತ್ರ ಪಡೆದಿರಬೇಕು. ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರ್ ಬೋರ್ಡ್ ಆಗಲಿ, ಲಿನಕ್ಸ್ ಹಾಕಿದ ಮಿನಿ ಪಿಸಿ ಆಗಲಿ ಸಿಗುವುದು ಎಲ್3 ಮಾತ್ರ. ಹಾಗಾಗಿ ದುಡ್ಡು ಕೊಟ್ಟ ಚಂದಾ ಇದ್ದರೂ ಚಿತ್ರ 480 ಅಥವಾ 720 ಸಾಲಿಗೆ ನಿಲ್ಲುತ್ತದೆ, ಕೆಲವು ಸೇವೆಗಳು ಓಡುವುದೇ ಇಲ್ಲ. ಯಾವ ಸೆಟ್ಟಿಂಗ್ ತಿರುಗಿಸಿದರೂ ಇದು ಬದಲಾಗುವುದಿಲ್ಲ, ಒಂದು ವಾರ ಅದರ ಹಿಂದೆ ಬೀಳಬೇಡಿ.

ಇನ್ನೊಂದು, ಓಟಿಟಿಯ ಒಳಗಿನ ಜಾಹೀರಾತು ಪೆಟ್ಟಿಗೆಯ ತಪ್ಪಲ್ಲ. ಪ್ರೈಮ್ ವಿಡಿಯೊ ಭಾರತದಲ್ಲಿ 2025ರ ಜೂನ್ 17ರಿಂದ ಜಾಹೀರಾತು ತೋರಿಸುತ್ತಿದೆ, ತೆಗೆಸಲು ವರ್ಷಕ್ಕೆ 699 ರೂಪಾಯಿ ಬೇರೆ ಕೊಡಬೇಕು ಎಂದು ಆಗ ಪ್ರಕಟಿಸಿತು. ಕ್ರಿಕೆಟ್ ನೇರಪ್ರಸಾರದಲ್ಲಂತೂ ಜಾಹೀರಾತನ್ನು ಸರ್ವರಿನಲ್ಲೇ ವಿಡಿಯೊಗೆ ಹೊಲಿದು ಕಳಿಸುತ್ತಾರೆ, ಇಲ್ಲಿಂದ ಬಿಚ್ಚಲು ಬರುವುದಿಲ್ಲ.

ಆದ್ದರಿಂದ ಎಲ್ಲದಕ್ಕೂ ಒಂದೇ ಪೆಟ್ಟಿಗೆ ಎಂಬ ಆಸೆ ಬಿಡಿ. ಸ್ವಂತ ಸಾಮಗ್ರಿಗೆ ಒಂದು, ಓಟಿಟಿಗೆ ಇನ್ನೊಂದು, ಆ ಇನ್ನೊಂದಕ್ಕೆ ಕೈಕಾಲು ಕಟ್ಟಿ ಕೂರಿಸಿ.

ಹಣ್ಣಿನ_ಪಕ್ಷ
ಓಟಿಟಿಗೆ ಇದ್ದುದರಲ್ಲಿ ಮರ್ಯಾದಸ್ಥ ಅಂದರೆ ಆ್ಯಪಲ್ ಟಿವಿ 4ಕೆ. 2022ರ ಮಾದರಿ ಬಂದಾಗ 64 ಜಿಬಿಗೆ 14,900, 128 ಜಿಬಿಗೆ 16,900. ಕಡಿಮೆ ಬೆಲೆಯದ್ದರಲ್ಲಿ ಈಥರ್ನೆಟ್ ಪೋರ್ಟ್ ಇಲ್ಲ, ನೋಡಿ ಕೊಳ್ಳಿ. ಮುಖಪುಟದಲ್ಲಿ ಬರೀ ಆ್ಯಪ್ ಚೌಕಗಳು. ಆದರೂ ಮಾಡಬೇಕಾದ್ದು ಇದೆ: ಮೇಲಿನ ಸಾಲಿನಿಂದ ಅವರದೇ ಟಿವಿ ಆ್ಯಪನ್ನು ಕೆಳಗೆ ಇಳಿಸಿ, ಇಲ್ಲದಿದ್ದರೆ ಅದರ ಮೇಲೆ ನಿಂತಾಗ ಅವರ ಧಾರಾವಾಹಿಯ ಪ್ರಚಾರ ಇಡೀ ಪರದೆ ತುಂಬುತ್ತದೆ. ರಿಮೋಟ್ ಸೆಟ್ಟಿಂಗಿನಲ್ಲಿ ಟಿವಿ ಗುಂಡಿ ಒತ್ತಿದರೆ ಮುಖಪುಟಕ್ಕೆ ಹೋಗುವಂತೆ ಬದಲಿಸಿ. ಪ್ರೈವಸಿ ವಿಭಾಗದಲ್ಲಿ ‘ಟ್ರ್ಯಾಕ್ ಮಾಡಲು ಕೇಳಲು ಆ್ಯಪ್‌ಗಳಿಗೆ ಅನುಮತಿ’ ಮತ್ತು ಅನಲಿಟಿಕ್ಸ್ ಎರಡನ್ನೂ ಆಫ್ ಮಾಡಿ.

ಎರಡನೇ_ಸಾಲು
ಒಳ್ಳೆಯದೇ, ಆದರೆ ಅವರ ಬಜೆಟ್ ಅಲ್ಲಿಗೇ ಮುಗಿಯಿತು. ಆ್ಯಪ್‌ಗಳು ತಮ್ಮೊಳಗೆ ಏನು ದಾಖಲಿಸುತ್ತವೆ ಅನ್ನುವುದನ್ನು ಆ್ಯಪಲ್ ಕೂಡ ತಡೆಯುವುದಿಲ್ಲ. ಓಟಿಟಿಗೆ ಇರುವ ಫೈರ್ ಸ್ಟಿಕ್ ಅನ್ನೇ ಹದಕ್ಕೆ ತರಬಹುದು. ಪ್ರೈವಸಿ ಸೆಟ್ಟಿಂಗ್ಸ್‌ನಲ್ಲಿ ಸಾಧನದ ಬಳಕೆ, ಆ್ಯಪ್ ಬಳಕೆ, ಆಸಕ್ತಿ ಆಧಾರಿತ ಜಾಹೀರಾತು ಮೂರನ್ನೂ ಆಫ್ ಮಾಡಿ. ‘ಫೀಚರ್ಡ್ ಕಂಟೆಂಟ್’ ಒಳಗೆ ವಿಡಿಯೊ ಆಟೊಪ್ಲೇ, ಆಡಿಯೊ ಆಟೊಪ್ಲೇ ಎರಡೂ ಆಫ್. ಟ್ರೇಲರ್ ಕಾಟ ಅಲ್ಲಿಗೆ ನಿಲ್ಲುತ್ತದೆ, ಜಾಹೀರಾತಿನ ಚಿತ್ರ ಉಳಿಯುತ್ತದೆ. ಆಮೇಲೆ ಅದನ್ನು ರೂಟರಿನ ಗೆಸ್ಟ್ ವೈಫೈಗೆ ಹಾಕಿ. ಮನೆಯ ಬೇರೆ ಸಾಧನಗಳು ಅದಕ್ಕೆ ಕಾಣುವುದಿಲ್ಲ. ಫೋನಿನಿಂದ ಕಾಸ್ಟ್ ಮಾಡಲು ಆಗುವುದಿಲ್ಲ ಎಂಬುದು ಇದರ ಬೆಲೆ.

ಹುಬ್ಬಳ್ಳಿ_ಬೋರ್ಡು
ಡಿಸ್ಕಿನ ಪಿಕ್ಚರ್‌ಗೆ ರಾಸ್ಪ್‌ಬೆರಿ ಪೈ ಮ್ಯಾಲ ಲಿಬ್ರೆಎಲೆಕ್ ಹಾಕ್ರಿ. ಕೋಡಿ ಅನ್ನೋ ವಿಡಿಯೊ ಪ್ಲೇಯರ್ ಒಂದ ಓಡಸಾಕ ಅಂತ ಮಾಡಿದ ಸಣ್ಣ ಲಿನಕ್ಸ್ ಅದು. ಪೈ 5 ಹೊಸಾದೈತಿ ಅಂತ ಅದನ್ನ ಹುಡುಕ್ಕೊಂಡ ಹೋಗಬ್ಯಾಡ್ರಿ, ಟಿವಿ ಕೆಲಸಕ್ಕ ಪೈ 4 ಸಾಕು. ಎಚ್.264, ಎಚ್‌ಇವಿಸಿ ಅಂದ್ರ ವಿಡಿಯೊ ಕುಗ್ಗಿಸಿಡೋ ಎರಡು ವಿಧಾನ. ಪೈ 5ರಾಗ ಎಚ್.264 ಬಿಚ್ಚೋ ಹಾರ್ಡ್‌ವೇರ್ ತಗದಾರ, ಎಚ್‌ಇವಿಸಿ ಒಂದ ಉಳಸ್ಯಾರ. ಹಳೇ ಪಿಕ್ಚರ್ ಫೈಲ್ ಭಾಳಷ್ಟು ಎಚ್.264 ಇರ್ತಾವ. ಪೈ 5ರ ಪ್ರೊಸೆಸರ್ ಜೋರೈತಿ, ತಾನ ಬಿಚ್ಚತೈತಿ, ಆದ್ರ ಬಿಸಿ ಜಾಸ್ತಿ, ಫ್ಯಾನ್ ಬೇಕು. ಪೈ 4ರಾಗ 1080ರ ತನಕ ಎಚ್.264, 4ಕೆ 60ರ ತನಕ ಎಚ್‌ಇವಿಸಿ ಎರಡೂ ಹಾರ್ಡ್‌ವೇರ್‌ನಾಗ ಅದಾವ. 2 ಜಿಬಿ ಮಾಡೆಲ್ ಸಾಕ್ರಿ. ಮೆಮೊರಿ ರೇಟ್ ಏರಿದ ಮ್ಯಾಲ ಪೈ ರೇಟೂ ಏರೈತಿ, 8 ಜಿಬಿಗೆ ರೊಕ್ಕ ಸುರಿಯಾಕ ಕಾರಣ ಇಲ್ಲ.

ಬೇಕಾಗೂ ಸಾಮಾನು: ಪೈ 4, ಅದರದ ಅಧಿಕೃತ 5.1 ವೋಲ್ಟ್ 3 ಆಂಪ್ ಅಡಾಪ್ಟರ್, 32 ಜಿಬಿ ಎ1 ದರ್ಜೆ ಮೈಕ್ರೊಎಸ್‌ಡಿ ಕಾರ್ಡ್, ಮೈಕ್ರೊ ಎಚ್‌ಡಿಎಂಐದಿಂದ ಎಚ್‌ಡಿಎಂಐ ಕೇಬಲ್, ಶಾಖ ಎಳ್ಯೋ ಅಲ್ಯುಮಿನಿಯಂ ಕೇಸ್. ಮೊಬೈಲ್ ಚಾರ್ಜರ್ ಹಚ್ಚಬ್ಯಾಡ್ರಿ. ಪರದೆ ಮೂಲ್ಯಾಗ ಮಿಂಚಿನ ಗುರುತು ಬಂತಂದ್ರ ವೋಲ್ಟೇಜ್ ಬಿದ್ದೈತಿ ಅಂತ ಅರ್ಥ, ಆವಾಗ ಚಿತ್ರ ತಡವರಸ್ತೈತಿ. ಅಲ್ಯುಮಿನಿಯಂ ಕೇಸಿನೊಳಗ ವೈಫೈ ಸಿಗ್ನಲ್ ಸೊರಗತೈತಿ, ಅದಕ್ಕ ಲ್ಯಾನ್ ಕೇಬಲ್ ಎಳೀರಿ.

ಪೈ ಇಮೇಜರ್ ಅಂತ ಅವರದ ಪ್ರೋಗ್ರಾಮ್ ಐತಿ, ಅದರಾಗ ಮೀಡಿಯಾ ಪ್ಲೇಯರ್ ವಿಭಾಗದಾಗ ಲಿಬ್ರೆಎಲೆಕ್ ಸಿಗ್ತೈತಿ. ಕಾರ್ಡಿಗೆ ಬರೀರಿ, ಪೈಗೆ ಹಾಕ್ರಿ. ಎರಡು ಎಚ್‌ಡಿಎಂಐ ತೂತು ಇರ್ತಾವ, ಪವರ್ ತೂತಿನ ಪಕ್ಕದ್ದು ಹಿಡೀರಿ. ಮೊದಲನೇ ಸಲ ತಾನ ಕಾರ್ಡ್ ಹಿಗ್ಗಿಸಿಕೊಂಡು ಮತ್ತ ಬೂಟ್ ಆಗ್ತೈತಿ. ಎಸ್‌ಎಸ್‌ಎಚ್ (ಬ್ಯಾರೆ ಕಂಪ್ಯೂಟರಿನಿಂದ ಇದರೊಳಗ ಹೊಕ್ಕೋ ದಾರಿ) ಬೇಕೇನು ಅಂತ ಕೇಳ್ತೈತಿ, ಬ್ಯಾಡನ್ರಿ. ಬೇಕಂದ್ರ ಪಾಸ್‌ವರ್ಡ್ ಅಲ್ಲೇ ಬದಲಸ್ರಿ, ಅವರು ಇಟ್ಟ ಪಾಸ್‌ವರ್ಡ್ ಎಲ್ಲಾರಿಗೂ ಗೊತ್ತಿದ್ದದ್ದ.

ಪ್ಲೇಯರ್ ಸೆಟ್ಟಿಂಗಿನಾಗ ‘ಅಡ್ಜಸ್ಟ್ ಡಿಸ್ಪ್ಲೇ ರಿಫ್ರೆಶ್ ರೇಟ್’ ಐತಿ, ‘ಆನ್ ಸ್ಟಾರ್ಟ್ ಸ್ಟಾಪ್’ ಅಂತ ಇಡ್ರಿ. ಸಿನಿಮಾ 24 ಫ್ರೇಮ್, ದೂರದರ್ಶನದ ರೆಕಾರ್ಡಿಂಗ್ 25. ಟಿವಿ 60ರಾಗ ನಿಂತಿದ್ರ ಕ್ಯಾಮೆರಾ ಅಡ್ಡ ಸರದಾಗೆಲ್ಲ ಕುಕ್ಕಿದಂಗ ಕಾಣ್ತೈತಿ. ಮೆನು 1080ರಾಗ ಇಟ್ಟು, ವೈಟ್‌ಲಿಸ್ಟಿನಾಗ 4ಕೆ ಟಿಕ್ ಮಾಡ್ರಿ. 4ಕೆ ಫೈಲ್ ಬಂದಾಗ ತಾನ ಏರ್ತೈತಿ.

ಅಗ್ಗದ_ಅಂಗಡಿ
ಇಷ್ಟೆಲ್ಲ ಯಾಕೆ ಗುರು? ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ 2,500ಕ್ಕೆ ಆಂಡ್ರಾಯ್ಡ್ ಬಾಕ್ಸ್, 8ಕೆ, 128 ಜಿಬಿ. ಮುಖಪುಟದಲ್ಲಿ ಜಾಹೀರಾತೂ ಇಲ್ಲ.

ಕೋಟೆ_ಬಾಗಿಲು
ಜಾಹೀರಾತು ಕಾಣುವುದಿಲ್ಲ, ಹಿನ್ನೆಲೆಯಲ್ಲಿ ಅದೇ ಕ್ಲಿಕ್ ಮಾಡುತ್ತಿರುತ್ತದೆ. 2023ರ ಜನವರಿಯಲ್ಲಿ ಟಿ95 ಎಂಬ ಬಾಕ್ಸಿನ ಫರ್ಮ್‌ವೇರಿನಲ್ಲೇ ಮಾಲ್‌ವೇರ್ ಕೂತಿರುವುದು ಬೆಳಕಿಗೆ ಬಂತು. ಇಂಥ ಬಾಕ್ಸುಗಳಲ್ಲಿ ಹರಡಿದ ‘ಬ್ಯಾಡ್‌ಬಾಕ್ಸ್ 2.0’ ಎಂಬ ಮಾಲ್‌ವೇರ್ ಜಾಲದ ಬಗ್ಗೆ ಎಫ್‌ಬಿಐ 2025ರ ಜೂನ್‌ನಲ್ಲಿ ಸಾರ್ವಜನಿಕ ಎಚ್ಚರಿಕೆ ಹೊರಡಿಸಿತು. ಇಂಥ ಬಾಕ್ಸ್ ನಿಮ್ಮ ಮನೆಯ ಐಪಿ ವಿಳಾಸವನ್ನು ಬಾಡಿಗೆಗೆ ಬಿಡುತ್ತದೆ, ಬೇರೆ ಯಾರೋ ಮಾಡಿದ ವಂಚನೆಯ ಜಾಡು ಹಿಡಿದರೆ ಕೊನೆಗೆ ನಿಮ್ಮ ಬಾಗಿಲು ಸಿಗುತ್ತದೆ. ರೀಸೆಟ್ ಮಾಡಿದರೂ ಹೋಗದು, ಕಾರ್ಖಾನೆಯಿಂದಲೇ ಬಂದದ್ದು.

ಕೈಯಲ್ಲಿರುವ ಬಾಕ್ಸ್ ಪರೀಕ್ಷಿಸಲು: ಪ್ಲೇ ಸ್ಟೋರ್, ಸೆಟ್ಟಿಂಗ್ಸ್, ಅಬೌಟ್. ಅಲ್ಲಿ ಪ್ಲೇ ಪ್ರೊಟೆಕ್ಟ್ ಪ್ರಮಾಣಿತ ಎಂದು ಇರಬೇಕು. ‘ಪ್ರಮಾಣಿತವಲ್ಲ’ ಎಂದಿದ್ದರೆ ಅಥವಾ ಆ ಸಾಲೇ ಇಲ್ಲದಿದ್ದರೆ ನೆಟ್‌ನಿಂದ ಕೀಳಿ. ಆ ದರಕ್ಕೆ 128 ಜಿಬಿ ಅನ್ನುವುದೂ ಬಹುತೇಕ ಸುಳ್ಳು ಅಂಕಿ.

ಹುಬ್ಬಳ್ಳಿ_ಬೋರ್ಡು
ಈಗಾಗಲೇ ತಗೊಂಡಿದ್ರ, ಒಳಗಿನ ಚಿಪ್ ಆಮ್‌ಲಾಜಿಕ್ ಇದ್ರ ಮಾತ್ರ ಒಂದು ದಾರಿ ಐತಿ. ಎಸ್‌ಡಿ ಕಾರ್ಡಿಗೆ ಕೋರ್‌ಎಲೆಕ್ (ಲಿಬ್ರೆಎಲೆಕ್ ಥರದ್ದ, ಆಮ್‌ಲಾಜಿಕ್ ಚಿಪ್ಪಿಗಂತ ಮಾಡಿದ್ದು) ಬರೀರಿ, ಆ ಬಾಕ್ಸಿನ ಚಿಪ್ಪಿಗೆ ಹೊಂದೂ ಡಿವೈಸ್ ಟ್ರೀ ಫೈಲ್ (ಹಾರ್ಡ್‌ವೇರ್ ವಿವರ ಇರೋ ಫೈಲ್) ಆರಿಸಿ, ಯಾವ ಫೋಲ್ಡರಿನೊಳಗೂ ಹಾಕದ ನೇರ ಕಾರ್ಡಿಗೆ ನಕಲು ಮಾಡ್ರಿ, ಅದಕ್ಕ ಕೋರ್‌ಎಲೆಕ್‌ನವರು ಹೇಳಿದ್ದ ಹೆಸರ ಇಡ್ರಿ. ಎವಿ ತೂತಿನೊಳಗ ಒಂದು ಗುಂಡಿ ಅಡಗಿರ್ತೈತಿ. ಟೂತ್‌ಪಿಕ್‌ನಿಂದ ಅದನ್ನ ಒತ್ತಿ ಹಿಡಕೊಂಡು ಕರೆಂಟ್ ಕೊಡ್ರಿ, ಲೋಗೊ ಬರೂತನಕ ಬಿಡಬ್ಯಾಡ್ರಿ. ಆವಾಗ ಕಾರ್ಡಿನಿಂದ ಏಳತೈತಿ, ಆಂಡ್ರಾಯ್ಡ್ ಏಳೂದ ಇಲ್ಲ. ಕಾರ್ಡ್ ತಗದ್ರ ಹಳೇ ದೆವ್ವ ಮತ್ತ ಎದ್ದು ಕುಂದರ್ತೈತಿ, ಅದು ನೆನಪಿರ್ಲಿ. ಆಲ್‌ವಿನ್ನರ್ ಚಿಪ್ ಇದ್ರ ಕೋರ್‌ಎಲೆಕ್ ನಡ್ಯೂದಿಲ್ಲ.

ಲಾಂಚರ್_ಲಿಂಗರಾಜು
ಗೂಗಲ್ ಟಿವಿಯನ್ನೇ ಓಟಿಟಿಗೆ ಬಳಸಬೇಕು, ಬೇರೆ ಸ್ಟಿಕ್ ಬೇಡ ಅನ್ನುವವರು ಮುಖಪುಟವನ್ನು ಬದಲಿಸಿಕೊಳ್ಳಬಹುದು. ಖಾತೆಯ ಸೆಟ್ಟಿಂಗಿನಲ್ಲಿರುವ ‘ಆ್ಯಪ್ಸ್ ಓನ್ಲಿ ಮೋಡ್’ ಶಿಫಾರಸುಗಳನ್ನು ತೆಗೆಯುತ್ತದೆ, ಮೇಲಿನ ದೊಡ್ಡ ಬ್ಯಾನರ್ ಮಾತ್ರ ಹಾಗೇ ಉಳಿಯುತ್ತದೆ. ಅದೂ ಹೋಗಬೇಕಾದರೆ ಎಫ್‌ಲಾಂಚರ್ ಅಥವಾ ಪ್ರಾಜೆಕ್ಟಿವಿ ಎಂಬ ಲಾಂಚರ್, ಅಂದರೆ ಮುಖಪುಟದ ಆ್ಯಪ್, ಹಾಕಬೇಕು. ಮೊದಲನೆಯದರ ಸೋರ್ಸ್ ಮುಕ್ತ, ಚೌಕಗಳು ಬಿಟ್ಟು ಇನ್ನೇನೂ ಇಲ್ಲ. ಎರಡನೆಯದರ ಸೋರ್ಸ್ ಮುಚ್ಚಿದ್ದು, ಆದರೆ ಎಚ್‌ಡಿಎಂಐ ಇನ್‌ಪುಟ್‌ಗಳನ್ನೂ ಚೌಕದಂತೆ ಇಡಬಹುದು.

ಹೊಸ ಲಾಂಚರ್ ಮೊದಲು ಹಾಕಿ, ತೆರೆದು ನೋಡಿ, ಆಮೇಲೆ ಹಳೆಯದನ್ನು ನಿಷ್ಕ್ರಿಯಗೊಳಿಸಿ. ಈ ಕ್ರಮ ತಪ್ಪಿದರೆ ರೀಸ್ಟಾರ್ಟ್ ಆದಮೇಲೆ ಕಪ್ಪು ಪರದೆ. ಬಿಲ್ಡ್ ನಂಬರ್ ಮೇಲೆ ಏಳು ಸಲ ಒತ್ತಿ ಡೆವಲಪರ್ ಆಯ್ಕೆ ತೆರೆದು, ಡೀಬಗ್ಗಿಂಗ್ ಚಾಲೂ ಮಾಡಿ, ಲ್ಯಾಪ್‌ಟಾಪಿನಿಂದ ಎಡಿಬಿ (ಆಂಡ್ರಾಯ್ಡಿಗೆ ಆದೇಶ ಕಳಿಸುವ ಪ್ರೋಗ್ರಾಮ್) ಮೂಲಕ ಹಳೆಯ ಲಾಂಚರ್ ಪ್ಯಾಕೇಜನ್ನು ‘ಡಿಸೇಬಲ್’ ಮಾಡಬೇಕು. ‘ಅನ್‌ಇನ್‌ಸ್ಟಾಲ್’ ಬೇಡ, ಡಿಸೇಬಲ್ ಆದರೆ ಅದೇ ಎಡಿಬಿಯಿಂದ ವಾಪಸ್ ತರಬಹುದು. ಅಷ್ಟು ಧೈರ್ಯ ಇಲ್ಲದಿದ್ದರೆ ಪ್ರಾಜೆಕ್ಟಿವಿಯಲ್ಲೇ ‘ಈಗಿನ ಲಾಂಚರಿನ ಬದಲು ತೋರಿಸು’ ಎಂಬ ಆಯ್ಕೆ ಇದೆ, ಆಕ್ಸೆಸಿಬಿಲಿಟಿ ಅನುಮತಿ ಕೇಳುತ್ತದೆ. ಹೋಮ್ ಒತ್ತಿದಾಗ ಕ್ಷಣಮಾತ್ರ ಹಳೆಯ ಮುಖಪುಟ ಮಿಂಚಿ ಮರೆಯಾಗುತ್ತದೆ, ಅಷ್ಟೆ.

ಇದರಿಂದ ಕಣ್ಣಿಗೆ ನೆಮ್ಮದಿ, ಖಾಸಗಿತನಕ್ಕೆ ಹೆಚ್ಚೇನಿಲ್ಲ. ಪ್ರೈವಸಿ, ಆ್ಯಡ್ಸ್ ಒಳಗೆ ಹೋಗಿ ಜಾಹೀರಾತು ಐಡಿಯನ್ನು ಡಿಲೀಟ್ ಮಾಡಿ. ಟಿವಿಗೆಂದೇ ಬೇರೆ ಗೂಗಲ್ ಖಾತೆ ತೆರೆಯಿರಿ, ಅದಕ್ಕೆ ಕಾರ್ಡ್ ಜೋಡಿಸಬೇಡಿ. ಅಂದಹಾಗೆ, ಅಮೆಜಾನ್‌ನ ಹೊಸ ಸ್ಟಿಕ್‌ಗಳಲ್ಲಿ ಆಂಡ್ರಾಯ್ಡ್ ಬದಲು ವೇಗಾ ಓಎಸ್ ಬರತೊಡಗಿದೆ. ಅದರಲ್ಲಿ ಹೊರಗಿನಿಂದ ಆ್ಯಪ್ ಹಾಕುವ ಬಾಗಿಲೇ ಮುಚ್ಚಿದೆ. ಸ್ಟಿಕ್ ಕೊಳ್ಳುವ ಮುನ್ನ ಡಬ್ಬದ ಮೇಲೆ ಓಎಸ್ ಯಾವುದು ಓದಿ.

ಪೈಹೋಲ್_ಪದ್ಮಾ
ಯಾರೂ ಡಿಎನ್‌ಎಸ್ (ಸರ್ವರಿನ ಹೆಸರು ಕೊಟ್ಟರೆ ಅದರ ವಿಳಾಸ ಹೇಳುವ ವ್ಯವಸ್ಥೆ) ಬಗ್ಗೆ ಹೇಳಲಿಲ್ಲ. ಮನೆಯಲ್ಲೇ ಆ ಕೆಲಸ ಮಾಡುವ ಪೈ-ಹೋಲ್ ಎಂಬ ಪ್ರೋಗ್ರಾಮ್ ಹಾಕಿದರೆ ಟಿವಿ, ಸ್ಟಿಕ್‌ಗಳು ಸಂಪರ್ಕಿಸುವ ಜಾಹೀರಾತು ಮತ್ತು ಲೆಕ್ಕ ಇಡುವ ಸರ್ವರುಗಳ ಹೆಸರುಗಳಿಗೆ ಉತ್ತರವೇ ಸಿಗದಂತೆ ಮಾಡಬಹುದು. ಆದರೆ ಮೂರು ಕಡೆ ಇದು ಸೋರುತ್ತದೆ.

ಮೊದಲನೆಯದು ಐಪಿವಿ6, ಅಂದರೆ ಹಳೆಯ ಐಪಿವಿ4ರ ನಂತರ ಬಂದ ನೆಟ್ ವಿಳಾಸದ ಹೊಸ ಬಗೆ. ನಮ್ಮ ಫೈಬರ್ ಕಂಪನಿಗಳು ಕೊಡುವ ರೂಟರುಗಳು ಐಪಿವಿ6 ಮೂಲಕ ತಮ್ಮದೇ ಡಿಎನ್‌ಎಸ್ ವಿಳಾಸ ಸಾರುತ್ತವೆ. ನೀವು ಐಪಿವಿ4ರಲ್ಲಿ ಪೈ-ಹೋಲ್ ಕೊಟ್ಟಿದ್ದರೂ ಸ್ಟಿಕ್ ಆ ಕಡೆಯಿಂದ ಕೇಳಿಕೊಳ್ಳುತ್ತದೆ. ‘ಹಾಕಿದ್ದೇನೆ, ಕೆಲಸ ಮಾಡುತ್ತಿಲ್ಲ’ ಎನ್ನುವವರಲ್ಲಿ ಹೆಚ್ಚಿನವರದ್ದು ಇದೇ. ಎರಡನೆಯದು, ಗೂಗಲ್ ಸಾಧನಗಳು ನೀವು ಕೊಟ್ಟದ್ದನ್ನು ಬಿಟ್ಟು ನೇರ ಗೂಗಲ್‌ನದೇ ಡಿಎನ್‌ಎಸ್ ಆದ 8.8.8.8ನ್ನು ಕೇಳುವುದುಂಟು. ರೂಟರಿನಲ್ಲಿ ಡಿಎನ್‌ಎಸ್ ಹೋಗುವ ಪೋರ್ಟ್ 53ರ ಸಂಚಾರವನ್ನು ಪೈ-ಹೋಲ್ ಕಡೆಗೆ ತಿರುಗಿಸಿ, ಗೂಢಲಿಪಿಯ ಡಿಎನ್‌ಎಸ್ ಹೋಗುವ 853 ಮುಚ್ಚಬೇಕು. ಕಂಪನಿ ಕೊಟ್ಟ ರೂಟರಿನಲ್ಲಿ ಇದು ಸಾಮಾನ್ಯವಾಗಿ ಆಗುವುದಿಲ್ಲ, ಓಪನ್‌ಡಬ್ಲ್ಯುಆರ್‌ಟಿ ಎಂಬ ಮುಕ್ತ ತಂತ್ರಾಂಶ ಹಾಕಬಲ್ಲ ಸ್ವಂತ ರೂಟರ್ ಅದರ ಹಿಂದೆ ಇಡಬೇಕು. ರೂಟರಿನಲ್ಲಿ ಡಿಎನ್‌ಎಸ್ ಬದಲಿಸುವ ಜಾಗವೇ ಇಲ್ಲದಿದ್ದರೆ ಅದರ ಡಿಎಚ್‌ಸಿಪಿ (ಸಾಧನಗಳಿಗೆ ವಿಳಾಸ ಹಂಚುವ ಕೆಲಸ) ಆಫ್ ಮಾಡಿ, ಪೈ-ಹೋಲ್‌ನ ಡಿಎಚ್‌ಸಿಪಿ ಚಾಲೂ ಮಾಡಿ. ಮೂರನೆಯದು ಎಚ್‌ಟಿಟಿಪಿಎಸ್ ಒಳಗೆ ಅಡಗಿ ಹೋಗುವ ಡಿಎನ್‌ಎಸ್. ಅದಕ್ಕೆ ಗೊತ್ತಿರುವ ಸರ್ವರುಗಳ ಪಟ್ಟಿ ಹಾಕಿ ತಡೆಯುವುದು ಬಿಟ್ಟು ಪೂರ್ತಿ ಪರಿಹಾರವಿಲ್ಲ.

ಯೂಟ್ಯೂಬ್ ಜಾಹೀರಾತು ಪೈ-ಹೋಲ್‌ಗೆ ನಿಲ್ಲುವುದಿಲ್ಲ. ಜಾಹೀರಾತೂ ವಿಡಿಯೊವೂ ಒಂದೇ ಸರ್ವರಿನಿಂದ ಬರುತ್ತವೆ, ಅದನ್ನು ತಡೆದರೆ ವಿಡಿಯೊವೂ ಹೋಯಿತು. ಪಟ್ಟಿ ತೀರಾ ಉದ್ದ ಹಾಕಿದರೆ ಕೆಲವು ಓಟಿಟಿ ಆ್ಯಪ್‌ಗಳು ಸುತ್ತುತ್ತಲೇ ನಿಲ್ಲುತ್ತವೆ. ಮನೆಯಲ್ಲಿ ದೊಡ್ಡವರಷ್ಟೇ ಇರುವಾಗ ಹೀಗಾದರೆ ಸರಿಮಾಡುವವರಿಲ್ಲ. ಆದ್ದರಿಂದ ಡೀಫಾಲ್ಟ್ ಪಟ್ಟಿಯಷ್ಟಕ್ಕೇ ನಿಲ್ಲಿಸುವುದು ವಾಸಿ.

ಸಾದಾ_ಪರದೆ
ಹಾಗಾದರೆ ಯೂಟ್ಯೂಬ್‌ಗೆ ಏನು ದಾರಿ?

ಎರಡನೇ_ಸಾಲು
ಪ್ರೀಮಿಯಂ ಕೊಂಡರೆ ಜಾಹೀರಾತು ಹೋಗುತ್ತದೆ, ದಾಖಲೆ ಇಡುವುದು ಹೋಗುವುದಿಲ್ಲ. ಪೈನಲ್ಲಿ ಕೋಡಿಯ ಯೂಟ್ಯೂಬ್ ಆ್ಯಡ್‌ಆನ್ ಇದೆ, ಜಾಹೀರಾತು ಬರುವುದಿಲ್ಲ. ಆದರೆ ಸ್ವಂತ ಎಪಿಐ ಕೀ (ಯೂಟ್ಯೂಬ್ ಮಾಹಿತಿ ಕೇಳಲು ಗೂಗಲ್ ಕೊಡುವ ಗುರುತು) ಮಾಡಿಕೊಳ್ಳಬೇಕು: ಗೂಗಲ್ ಕ್ಲೌಡ್‌ನಲ್ಲಿ ಪ್ರಾಜೆಕ್ಟ್ ತೆರೆದು, ಯೂಟ್ಯೂಬ್ ಡೇಟಾ ಎಪಿಐ ಚಾಲೂ ಮಾಡಿ, ಎಪಿಐ ಕೀ, ಕ್ಲೈಂಟ್ ಐಡಿ, ಕ್ಲೈಂಟ್ ಸೀಕ್ರೆಟ್ ಈ ಮೂರನ್ನು ಆ್ಯಡ್‌ಆನ್‌ಗೆ ಕೊಡಬೇಕು. ಗೂಗಲ್ ಏನಾದರೂ ಬದಲಿಸಿದಾಗ ಕೆಲವು ದಿನ ಕೆಡುತ್ತದೆ, ಅಪ್‌ಡೇಟ್ ಬರುವವರೆಗೆ ಕಾಯಬೇಕು. ಪೈ 4ರಲ್ಲಿ ವಿಪಿ9, ಎವಿ1 ಎಂಬ ಹೊಸ ವಿಡಿಯೊ ವಿಧಾನಗಳಿಗೆ ಹಾರ್ಡ್‌ವೇರ್ ಇಲ್ಲ, ಯೂಟ್ಯೂಬ್‌ನ 4ಕೆ ಆ ಎರಡರಲ್ಲೇ ಇರುತ್ತದೆ. ಆದ್ದರಿಂದ 1080ಕ್ಕೆ, ಎಚ್.264ಕ್ಕೆ ಕಟ್ಟಿಹಾಕಿ. 43 ಇಂಚಿಗೆ ಅದು ಧಾರಾಳ.

ಆಂಡ್ರಾಯ್ಡ್ ಟಿವಿಯವರು ಸ್ಮಾರ್ಟ್‌ಟ್ಯೂಬ್ ಎಂಬ ಜಾಹೀರಾತಿಲ್ಲದ ಯೂಟ್ಯೂಬ್ ಆ್ಯಪ್ ಹಾಕುತ್ತಾರೆ. ಬಳಸಲು ಅದೇ ಎಲ್ಲಕ್ಕಿಂತ ಸಲೀಸು. ಆದರೆ 2025ರ ಕೊನೆಯಲ್ಲಿ ಅದರ ಸಹಿಯ ಕೀಲಿ ಬೇರೆಯವರ ಕೈಗೆ ಸಿಕ್ಕಿ, ಕಲುಷಿತ ಆವೃತ್ತಿಗಳು ಹರಡಿದವು. ಬರೆದವರು ಹಳೆಯ ಕೀಲಿ ಬಿಟ್ಟು ಹೊಸ ಸಹಿಯೊಡನೆ ಬೇರೆ ಆ್ಯಪ್ ಆಗಿಯೇ ಹೊರತಂದರು. ಹಳೆಯದು ಇದ್ದರೆ ತೆಗೆದುಹಾಕಿ, ಯಾವುದೋ ಎಪಿಕೆ (ಆ್ಯಪ್ ಫೈಲ್) ಸೈಟಿನಿಂದ ಇಳಿಸಬೇಡಿ, ಮೂಲ ಪ್ರಾಜೆಕ್ಟಿನ ಪುಟದಿಂದಲೇ ತನ್ನಿ.

ಇಂಟೆಲ್ ಎನ್100 ಮಿನಿ ಪಿಸಿ ಇದ್ದರೆ ಎವಿ1ಗೂ ಹಾರ್ಡ್‌ವೇರ್ ಉಂಟು, ಫೈರ್‌ಫಾಕ್ಸ್ ಮತ್ತು ಅದಕ್ಕೆ ಯುಬ್ಲಾಕ್ ಒರಿಜಿನ್ ಎಂಬ ಜಾಹೀರಾತು ತಡೆ ಹಾಕಿದರೆ ಯೂಟ್ಯೂಬ್ ಶುಭ್ರ. ಕ್ರೋಮ್ ಬೇಡ, ಯುಬ್ಲಾಕ್ ಒರಿಜಿನ್‌ಗೆ ಅಲ್ಲಿ ಜಾಗವಿಲ್ಲ. ಆದರೆ ಬ್ರೌಸರ್ ಅಂದರೆ ಏರ್ ಮೌಸ್ ರಿಮೋಟ್ ಅಲ್ಲಾಡಿಸಬೇಕು, ನಿಮ್ಮ ಮನೆಗೆ ಅದು ಹೊಂದುವಂತೆ ಕಾಣುವುದಿಲ್ಲ.

ಸೋನೆ_ಮಳೆ
ಕರೆಂಟ್ ಹೋಗುವ ಊರು ಅಂದಿರಲ್ಲ, ಅಲ್ಲಿ ಕೆಡುವುದು ಎರಡು. ಲಿಬ್ರೆಎಲೆಕ್‌ನ ಮೂಲ ವ್ಯವಸ್ಥೆ ಓದಲು ಮಾತ್ರ ಇರುವ ಭಾಗದಲ್ಲಿದೆ, ಅದು ಕೆಡುವುದು ಅಪರೂಪ. ನಿಮ್ಮ ಸೆಟ್ಟಿಂಗ್, ಲೈಬ್ರರಿ ಇರುವ ಭಾಗ ಬರೆಯುತ್ತಿರುವಾಗ ಕರೆಂಟ್ ಹೋದರೆ ಹಾಳಾಗಬಹುದು. ಎಲ್ಲ ಹೊಂದಿಸಿ ಮುಗಿದ ದಿನವೇ ಲಿಬ್ರೆಎಲೆಕ್ ಸೆಟ್ಟಿಂಗ್ಸ್‌ನಲ್ಲಿರುವ ಬ್ಯಾಕಪ್ ಒತ್ತಿ, ಆ ಫೈಲನ್ನು ಬೇರೆಡೆ ಇಡಿ. ಅದೇ ಸ್ಥಿತಿಯ ಇನ್ನೊಂದು ಕಾರ್ಡ್ ಬರೆದು ಟಿವಿಯ ಹಿಂದೆ ಅಂಟಿಸಿಟ್ಟರೆ ಫೋನಿನಲ್ಲೇ ಹೇಳಿ ಮನೆಯವರಿಂದ ಬದಲಾಯಿಸಬಹುದು.

ಎರಡನೆಯದು ಡಿಸ್ಕ್. ಎನ್‌ಟಿಎಫ್‌ಎಸ್ (ವಿಂಡೋಸಿನ ಫಾರ್ಮ್ಯಾಟ್) ಡಿಸ್ಕ್ ಓಡುತ್ತಿರುವಾಗ ಕರೆಂಟ್ ಹೋದರೆ ಅದಕ್ಕೆ ‘ಸರಿಯಾಗಿ ಮುಚ್ಚಿಲ್ಲ’ ಎಂಬ ಗುರುತು ಬೀಳುತ್ತದೆ, ಆಮೇಲೆ ಲಿನಕ್ಸ್ ಅದನ್ನು ತೆರೆಯಲು ಒಪ್ಪುವುದಿಲ್ಲ. ‘ಡಿಸ್ಕೇ ಕಾಣುತ್ತಿಲ್ಲ’ ಎಂದು ಫೋನ್ ಬರುವುದು ಆಗಲೇ. ವಿಂಡೋಸ್ ಲ್ಯಾಪ್‌ಟಾಪಿಗೆ ಹಾಕಿ ಚೆಕ್‌ಡಿಸ್ಕ್ ಓಡಿಸಿದರೆ ಸರಿಹೋಗುತ್ತದೆ, ಆದರೆ ಪ್ರತಿ ಸಲ ಯಾರು ಮಾಡುತ್ತಾರೆ? ಆರಂಭದಲ್ಲೇ ಡಿಸ್ಕನ್ನು ಇಎಕ್ಸ್‌ಟಿ4 (ಲಿನಕ್ಸಿನ ಫಾರ್ಮ್ಯಾಟ್) ಮಾಡಿ ತುಂಬಿ. ಮಾರ್ಪಡಿಸುವಾಗ ಎಲ್ಲ ಅಳಿಸಿಹೋಗುತ್ತದೆ, ಮೊದಲು ಬೇರೆಡೆ ನಕಲು ಇರಲಿ.

ರೂಟರಿಗೆ ಬಳಸುವ 12 ವೋಲ್ಟಿನ ಕೆಲವು ಮಿನಿ ಯುಪಿಎಸ್‌ಗಳಲ್ಲಿ ಒಂದು 5 ವೋಲ್ಟ್ ಯುಎಸ್‌ಬಿ ತೂತು ಇರುತ್ತದೆ, ಅದರಿಂದ ಪೈ ಓಡಿಸಲು ಹೋಗಬೇಡಿ. ಅದು ಸಾಮಾನ್ಯವಾಗಿ 2 ಆಂಪ್, ಪೈ 4ಕ್ಕೆ ಡಿಸ್ಕ್ ಸಮೇತ 3 ಬೇಕು. ಪೈ 4ರ ನಾಲ್ಕೂ ಯುಎಸ್‌ಬಿ ಸೇರಿ 1.2 ಆಂಪ್ ಮಾತ್ರ ಕೊಡುತ್ತದೆ. ಒಂದು ಚಿಕ್ಕ ಡಿಸ್ಕ್ ನಡೆಯುತ್ತದೆ, ಎರಡು ಹಾಕಿದರೆ ಕಟಕಟ ಸದ್ದು. ಪೈ 5 ಕೊಂಡವರು 27 ವ್ಯಾಟ್ ಅಡಾಪ್ಟರ್ ಹಾಕದಿದ್ದರೆ ಯುಎಸ್‌ಬಿಗೆ ಒಟ್ಟು 600 ಮಿಲಿಆಂಪ್ ಅಷ್ಟೆ, ಒಂದು ಡಿಸ್ಕೂ ಏಳದಿರಬಹುದು.

ಸಾಗರದಾಚೆ
ಅಮೆರಿಕದಲ್ಲಿರುವ ಕನ್ನಡಿಗರಿಗೆ ಎರಡು ಮಾತು. ಮನೆಯಲ್ಲಿ ಜೆಲ್ಲಿಫಿನ್ (ಸ್ವಂತ ವಿಡಿಯೊಗಳನ್ನು ಬೇರೆ ಸಾಧನಗಳಿಗೆ ಹಂಚುವ ಪ್ರೋಗ್ರಾಮ್) ಸರ್ವರ್ ಇಟ್ಟು, ಆ್ಯಂಟೆನಾಗೆ ಎಚ್‌ಡಿಹೋಮ್‌ರನ್ ಎಂಬ ಟ್ಯೂನರ್ ಜೋಡಿಸಿದರೆ ಸ್ಥಳೀಯ ಚಾನೆಲ್‌ಗಳು ಚಂದಾ ಇಲ್ಲದೆ ಬರುತ್ತವೆ. ಅಲ್ಲಿನ ಹೊಸ ಪ್ರಸಾರ ಕ್ರಮವಾದ ಎಟಿಎಸ್‌ಸಿ 3.0ರ ಟ್ಯೂನರ್‌ಗೆ ಹೆಚ್ಚು ಹಣ ಕೊಡಬೇಡಿ, ಅನೇಕ ಚಾನೆಲ್‌ಗಳು ಅದರಲ್ಲಿ ಡಿಆರ್‌ಎಂ ಬೀಗ ಹಾಕಿವೆ. ಹಳೆಯ 1.0 ಇನ್ನೂ ಮುಕ್ತ.

ಮಕ್ಕಳ ವಿಡಿಯೊ ಊರಿನ ಅಜ್ಜ ಅಜ್ಜಿಗೆ ತೋರಿಸಲೂ ಇದೇ ಜೆಲ್ಲಿಫಿನ್ ಸಾಕು, ಅದಕ್ಕೆಂದು ಬೇರೆಯವರ ಕ್ಲೌಡ್ ಬೇಡ. ಜೆಲ್ಲಿಫಿನ್‌ನ 8096 ಪೋರ್ಟನ್ನು ನೇರ ಇಂಟರ್ನೆಟ್‌ಗೆ ತೆರೆಯಬೇಡಿ. ಎರಡೂ ಕಡೆ ಟೇಲ್‌ಸ್ಕೇಲ್ (ಎರಡು ಮನೆಗಳ ನಡುವೆ ಖಾಸಗಿ ಜಾಲ ಕಟ್ಟುವ ಆ್ಯಪ್) ಹಾಕಿ, ಆಂಡ್ರಾಯ್ಡ್ ಟಿವಿಗೂ ಆ್ಯಪಲ್ ಟಿವಿಗೂ ಅದರ ಆ್ಯಪ್ ಇದೆ. ಊರಿನ ಫೈಬರಿನಲ್ಲಿ ಐಪಿವಿ4 ವಿಳಾಸ ಹಂಚಿಕೆಯದ್ದಾಗಿದ್ದರೂ ಕೆಲಸ ಮಾಡುತ್ತದೆ. ಆ ಬಳಕೆದಾರರಿಗೆ ಸರ್ವರಿನಲ್ಲಿ 4 ಎಂಬಿಪಿಎಸ್ ಮಿತಿ ಇಡಿ, ಇಲ್ಲವಾದರೆ ಫೋನಿನ 4ಕೆ ವಿಡಿಯೊ ಸಾಗರ ದಾಟುವಷ್ಟರಲ್ಲಿ ನಿಂತು ನಿಂತು ಹೋಗುತ್ತದೆ. ವಿಡಿಯೊವನ್ನು ಆ ಮಿತಿಗೆ ಕುಗ್ಗಿಸುವ ಪರಿವರ್ತನೆಯ ಹೊರೆಗೆ 7ನೇ ಪೀಳಿಗೆಯ ಅಥವಾ ಹೊಸ ಇಂಟೆಲ್ ಇರುವ ಹಳೆ ಲ್ಯಾಪ್‌ಟಾಪ್ ಸಾಕು, ಇಂಟೆಲ್ ಚಿಪ್ಪಿನಲ್ಲಿ ಈ ಕೆಲಸಕ್ಕೆಂದೇ ಇರುವ ಕ್ವಿಕ್ ಸಿಂಕ್ ಚಾಲೂ ಮಾಡಿ.

ಅಡಿಬರಹ
ಕನ್ನಡದ ಫೈಲುಗಳಲ್ಲಿ ಬರುವ ತೊಂದರೆ ಬೇರೆ ಥರದ್ದು. ಒಂದೇ ಫೈಲಿನಲ್ಲಿ ಕನ್ನಡ, ತೆಲುಗು, ಹಿಂದಿ ಮೂರು ಧ್ವನಿ ಇದ್ದಾಗ ಜೆಲ್ಲಿಫಿನ್, ಕೋಡಿ ಎರಡೂ ಫೈಲಿನೊಳಗಿನ ಭಾಷೆಯ ಗುರುತು ನೋಡಿ ಆರಿಸುತ್ತವೆ. ಆ ಗುರುತು ಖಾಲಿ ಇದ್ದರೆ ಮೊದಲ ಧ್ವನಿಯೇ ಗತಿ, ಸಾಮಾನ್ಯವಾಗಿ ಹಿಂದಿ. ಎಂಕೆವಿಟೂಲ್‌ನಿಕ್ಸ್ ಎಂಬ ಪ್ರೋಗ್ರಾಮಿನ ಹೆಡರ್ ಎಡಿಟರಿನಲ್ಲಿ ಎಂಕೆವಿ ಫೈಲ್ ತೆರೆದು, ಆ ಧ್ವನಿಯ ಭಾಷೆ ಕನ್ನಡ ಎಂದು ಆರಿಸಿ, ಉಳಿಸಿ. ಕೆ-ಎ-ಎನ್ ಎಂಬ ಮೂರಕ್ಷರದ ಸಂಕೇತ ಅಲ್ಲಿ ಕೂರುತ್ತದೆ. ವಿಡಿಯೊ ಮತ್ತೆ ಬರೆಯಬೇಕಿಲ್ಲ, ಕ್ಷಣದಲ್ಲಿ ಮುಗಿಯುತ್ತದೆ. ನಂತರ ಪ್ಲೇಯರಿನಲ್ಲಿ ಮೆಚ್ಚಿನ ಧ್ವನಿಯ ಭಾಷೆ ಕನ್ನಡ ಎಂದಿಡಿ.

ಕನ್ನಡ ಅಡಿಬರಹ ಚೌಕಚೌಕವಾಗಿ ಕಂಡರೆ ಫಾಂಟ್ ಇಲ್ಲ ಎಂದರ್ಥ. ನೋಟೊ ಸ್ಯಾನ್ಸ್ ಕನ್ನಡ ಫಾಂಟ್ ಫೈಲನ್ನು ಕೋಡಿಯ ಮೀಡಿಯಾ ಫೋಲ್ಡರಿನೊಳಗಿನ ಫಾಂಟ್ಸ್‌ಗೆ ನಕಲಿಸಿ, ಸಬ್‌ಟೈಟಲ್ ಸೆಟ್ಟಿಂಗಿನಲ್ಲಿ ಆರಿಸಿ. ಚೌಕದ ಬದಲು ಅರ್ಥವಿಲ್ಲದ ಚಿಹ್ನೆಗಳು ಬಂದರೆ ಫಾಂಟ್ ತಪ್ಪಲ್ಲ, ಅಡಿಬರಹದ ಎಸ್‌ಆರ್‌ಟಿ ಫೈಲ್ ಯುನಿಕೋಡಿನ ಯುಟಿಎಫ್-8ರಲ್ಲಿ ಇಲ್ಲ. ನೋಟ್‌ಪ್ಯಾಡಿನಲ್ಲಿ ತೆರೆದು, ಅಕ್ಷರ ಸರಿಯಾಗಿ ಕಂಡರೆ ಯುಟಿಎಫ್-8 ಎಂದು ಆರಿಸಿ ಉಳಿಸಿ. ಸಿನಿಮಾ ಫೋಲ್ಡರಿನ ಹೆಸರಿನಲ್ಲಿ ವರ್ಷವನ್ನು ಆವರಣದಲ್ಲಿ ಸೇರಿಸಿ. ಒಂದೇ ಹೆಸರಿನ ಹಳೆಯ, ಹೊಸ ಚಿತ್ರಗಳು ಕನ್ನಡದಲ್ಲಿ ಸಾಕಷ್ಟಿವೆ, ವರ್ಷ ಇಲ್ಲದಿದ್ದರೆ ರಾಜ್‌ಕುಮಾರ್ ಚಿತ್ರಕ್ಕೆ ನಿನ್ನೆಮೊನ್ನೆಯ ಪೋಸ್ಟರ್ ಬಂದು ಕೂರುತ್ತದೆ.

ಎರಡನೇ_ಸಾಲು
ಚಂದನಕ್ಕೆ ಇಷ್ಟೆಲ್ಲ ತಲೆನೋವು ಬೇಡ. ಡಿಡಿ ಫ್ರೀ ಡಿಶ್ ಹಾಕಿಸಿ. ತಿಂಗಳ ಚಂದಾ ಇಲ್ಲ, ನೆಟ್ ಬೇಕಿಲ್ಲ. ತಟ್ಟೆ ಮನೆಯ ಕಡೆ ಸಿಗ್ನಲ್ ಕಳಿಸುವುದೇ ಹೊರತು ಮನೆಯಿಂದ ಯಾವುದನ್ನೂ ತೆಗೆದುಕೊಂಡು ಹೋಗುವುದಿಲ್ಲ. ಉಪಗ್ರಹ ಜಿಸ್ಯಾಟ್-15, ಪೂರ್ವ 93.5 ಡಿಗ್ರಿ. ಎಂಪೆಗ್-4 ಬಾಕ್ಸ್ ಕೇಳಿ ಕೊಳ್ಳಿ, ಬರೀ ಎಂಪೆಗ್-2 ಆದರೆ ಕೆಲವು ಚಾನೆಲ್ ಕಾಣುವುದಿಲ್ಲ. ತಾನಾಗಿ ಹುಡುಕಿದಾಗ ಸಿಗದಿದ್ದರೆ ಎಲ್‌ಎನ್‌ಬಿ (ತಟ್ಟೆಯ ಮುಂದಿನ ಮೂತಿ) 9750/10600, ಸಿಂಬಲ್ ರೇಟ್ 29500 ಕೊಟ್ಟು ನೋಡಿ. ಪ್ರಸಾರದಲ್ಲೇ ಬರುವ ಜಾಹೀರಾತು ಇದ್ದೇ ಇರುತ್ತದೆ, ಆದರೆ ಎಲ್ಲರಿಗೂ ಒಂದೇ ಜಾಹೀರಾತು.

ಸಾದಾ_ಪರದೆ
ಪೈ 4, ಇರುವ ಸ್ಟಿಕ್ ಗೆಸ್ಟ್ ವೈಫೈನಲ್ಲಿ, ಫ್ರೀ ಡಿಶ್, ಟಿವಿ ಬೇಸಿಕ್ ಮೋಡಿನಲ್ಲಿ: ಹೀಗೆ ಮಾಡುತ್ತೇನೆ. ಉಳಿದದ್ದು ರಿಮೋಟ್. ಮೂರು ಪೆಟ್ಟಿಗೆಗೆ ಒಂದೇ ರಿಮೋಟ್ ಆಗುತ್ತದೆಯೇ?

ಹುಬ್ಬಳ್ಳಿ_ಬೋರ್ಡು
ಪೈಗೆ ಟಿವಿ ರಿಮೋಟ್ ನಡೀತೈತ್ರಿ, ಎಚ್‌ಡಿಎಂಐ ಕೇಬಲ್ಲಿನಾಗ ಗುಂಡಿಯ ಆದೇಶ ಕಳಸೋ ಇದಕ್ಕ ಸಿಇಸಿ ಅಂತಾರ. ಟಿವಿ ಸೆಟ್ಟಿಂಗಿನಾಗ ಅದನ್ನ ಚಾಲೂ ಮಾಡ್ಬೇಕು. ಎಲ್‌ಜಿಯಾಗ ಸಿಂಪ್‌ಲಿಂಕ್, ಸ್ಯಾಮ್‌ಸಂಗ್‌ನಾಗ ಎನಿನೆಟ್ ಪ್ಲಸ್, ಸೋನಿಯಾಗ ಬ್ರೇವಿಯಾ ಸಿಂಕ್, ಒಬ್ಬೊಬ್ಬರದ್ದು ಒಂದೊಂದು ಹೆಸರು. ಬಾಣದ ಗುಂಡಿ ನಡದು ಬ್ಯಾಕ್ ಗುಂಡಿ ನಡೀಲಿಲ್ಲಂದ್ರ ಕೋಡಿಯ ಕೀಮ್ಯಾಪ್ ಎಡಿಟರ್ ಆ್ಯಡ್‌ಆನ್ ಹಾಕಿ ಬ್ಯಾರೆ ಗುಂಡಿಗೆ ಬ್ಯಾಕ್ ಕೊಡ್ರಿ. ಸ್ಟಿಕ್ಕಿಗೂ ಸಿಇಸಿ ಐತಿ. ಫ್ರೀ ಡಿಶ್ ಬಾಕ್ಸಿಗೆ ಮಾತ್ರ ಅದರದ ರಿಮೋಟ್ ಬೇಕು, ಅಗ್ಗದ ಬಾಕ್ಸುಗಳಾಗ ಸಿಇಸಿ ಇರೂದಿಲ್ಲ.

ಒಂದು ಕಿರಿಕಿರಿ ಐತಿ: ಸ್ಟಿಕ್ ತಾನಾಗಿ ಎದ್ದು ‘ನನ್ನ ಕಡೆ ನೋಡ್ರಿ’ ಅಂತ ಟಿವಿ ಇನ್‌ಪುಟ್ ತಿರುಗಿಸ್ತೈತಿ, ಪಿಕ್ಚರ್ ನಡುವ. ಹಂಗಾದ್ರ ಸ್ಟಿಕ್ಕಿನ ಡಿಸ್ಪ್ಲೇ ಸೆಟ್ಟಿಂಗಿನಾಗ ಸಿಇಸಿ ಆಫ್ ಮಾಡಿ, ಪೈದ ಒಂದ ಆನ್ ಇಡ್ರಿ. ಪೈದಾಗ ಸಿಇಸಿ ಅಡಾಪ್ಟರ್ ಸೆಟ್ಟಿಂಗ್ ತಗದು ‘ಟಿವಿ ಆಫ್ ಆದಾಗ’ ಅನ್ನೋ ಕಡೆ ‘ಏನೂ ಮಾಡಬ್ಯಾಡ’ ಅಂತ ಇಡ್ರಿ. ಅದು ಶಟ್‌ಡೌನ್ ಅಂತ ಇದ್ರ ಪೈ ಮಲಗಿಬಿಡ್ತೈತಿ, ಮತ್ತ ಏಳಸಾಕ ಪ್ಲಗ್ ಕಿತ್ತು ಹಾಕಬೇಕಾಗ್ತೈತಿ.

ಸಾದಾ_ಪರದೆ
ಸರಿ. ಸ್ಟಿಕ್‌ನ ಸಿಇಸಿ ಆಫ್ ಆದರೆ ಅದರ ರಿಮೋಟಿನ ಧ್ವನಿ ಗುಂಡಿ?

ಲಾಂಚರ್_ಲಿಂಗರಾಜು
ಅದು ಸಿಇಸಿ ಅಲ್ಲ, ಇನ್‌ಫ್ರಾರೆಡ್. ಈಕ್ವಿಪ್‌ಮೆಂಟ್ ಕಂಟ್ರೋಲ್‌ನಲ್ಲಿ ನಿಮ್ಮ ಟಿವಿಯ ಬ್ರ್ಯಾಂಡ್ ಒಮ್ಮೆ ಆರಿಸಿದ್ದರೆ ಧ್ವನಿ, ಪವರ್ ಎರಡೂ ಎಂದಿನಂತೆ ಕೆಲಸ ಮಾಡುತ್ತವೆ. ಟಿವಿಯ ಇನ್‌ಫ್ರಾರೆಡ್ ಕಣ್ಣಿನ ಮುಂದೆ ಸೌಂಡ್‌ಬಾರ್ ಅಡ್ಡ ಇಡಬೇಡಿ ಅಷ್ಟೆ.